ಅಡುಗೆಮನೆಯ ಸೀನಿಗೆ ನಾನು ಹೇಳಿದ ಅರ್ಥ

ನಮ್ಮ ಮನೆಯಲ್ಲಿ ಹಿಂದಿ ಸರಿಯಾಗಿ ಬರುತ್ತಿದ್ದುದು ನನಗೊಬ್ಬನಿಗೇ. ತಂಗಿ ಶಾಲೆಯಲ್ಲಿ ಹಿಂದಿ ಓದಿ ಪಾಸಾಗಿದ್ದಳು, ಯಾರಾದರೂ ನಿಧಾನಕ್ಕೆ ಮಾತಾಡಿದರೆ ಅವಳಿಗೆ ತಿಳಿಯುತ್ತಿತ್ತು. ಅಪ್ಪ ಅವ್ವನಿಗೆ ತೆಲುಗು ಬರುತ್ತಿತ್ತು, ಹಿಂದಿ ಬರುತ್ತಿರಲಿಲ್ಲ. ನಾನು ಓದಿದ್ದು ಎಂಟನೆಯ ಕ್ಲಾಸು. ನನ್ನ ಹಿಂದಿ ಪುಸ್ತಕದ್ದಲ್ಲ, ಸಂಡೂರಿನ ಗಣಿ ರಸ್ತೆಯದು. ಅದಿರಿನ ಟಿಪ್ಪರಿನಲ್ಲಿ ಆರು ವರ್ಷ ಬಿಹಾರದ ಡ್ರೈವರೊಬ್ಬನ ಪಕ್ಕ ಕೂತು ಕಲಿತದ್ದು. ಅವನು ಮೊದಲು ಬೈಗುಳ ಕಲಿಸಿದ, ಆಮೇಲೆ ಊಟ ಕೇಳುವುದನ್ನು ಕಲಿಸಿದ, ಕೊನೆಗೆ ತನ್ನ ಮನೆಯ ಕಥೆಗಳನ್ನೆಲ್ಲ ಹೇಳಿದ. ಗಣಿ ಕೆಲಸ ಕಡಿಮೆಯಾದ ಮೇಲೆ ನಾನು ಹೊಸಪೇಟೆಗೆ ಬಂದು ಆಟೊ ಓಡಿಸಲು ಶುರುಮಾಡಿದೆ. ಸ್ಟೇಷನ್ನಿನಿಂದ ಹಂಪಿಗೆ ಉತ್ತರದ ಪ್ರವಾಸಿಗರನ್ನು ಕರೆದುಕೊಂಡು ಹೋಗಿ ಬರುತ್ತಾ ಆ ಹಿಂದಿಯ ಒರಟುತನ ಸ್ವಲ್ಪ ಇಳಿಯಿತು.

ನಾನು ಮಾಡಿದ ತಪ್ಪು ಕೇಳಿದರೆ ಸಣ್ಣದು ಅನ್ನಿಸಬಹುದು. ಒಂದು ಹಿಂದಿ ಸಿನಿಮಾದ ಒಂದು ಸೀನಿಗೆ ಅಪ್ಪನ ಮುಂದೆ ಸುಳ್ಳು ಅರ್ಥ ಹೇಳಿದೆ. ತಿಳಿಯದೆ ಹೇಳಿದ್ದಲ್ಲ, ಬೇಕಂತಲೇ ಹೇಳಿದೆ. ಅದರಿಂದ ನನ್ನ ಮದುವೆಯಾಯಿತು, ನನ್ನ ತಂಗಿಯದೂ ಆಯಿತು.

ನಮ್ಮ ಮನೆ ಇರುವುದು ಹೊಸಪೇಟೆಯ ಅಂಚಿನಲ್ಲಿ, ಪಾಪಿನಾಯಕನಹಳ್ಳಿಗೆ ಹೋಗುವ ಕಡೆ. ಅಪ್ಪ ಗೌಂಡಿ, ಊರಿನ ಅರ್ಧ ಹೊಸ ಮನೆಗಳ ಗೋಡೆ ಕಟ್ಟಿದವನು. ಕೆಲಸದಿಂದ ಬಂದರೆ ಕೈಕಾಲು ತೊಳೆದು ಗೋಡೆಗೆ ಒರಗಿ ಕೂರುತ್ತಿದ್ದ, ಮಾತು ಕಡಿಮೆ. ಅವನಿಗೆ ಇದ್ದ ಒಂದೇ ಷೋಕಿ ಸಿನಿಮಾ. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ನಾವು ಟಿವಿ ಮುಂದೆ ಕೂರುತ್ತಿದ್ದೆವು. ಹಿಂದಿ ಸಿನಿಮಾ ಆದರೆ ನಾನು ಟಿವಿ ಪಕ್ಕ ನೆಲದ ಮೇಲೆ ಕೂತು, ರಿಮೋಟು ಕೈಯಲ್ಲಿ ಹಿಡಿದು, ಒಬ್ಬೊಬ್ಬರು ಆಡಿದ್ದನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಅಲ್ಲಲ್ಲಿ ನನ್ನದೂ ಉಪ್ಪು ಖಾರ ಸೇರುತ್ತಿತ್ತು. ನಗುವ ಕಡೆ ಅಪ್ಪ ನನ್ನ ಮಾತಿಗೆ ಕಾಯುತ್ತಿದ್ದ, ನಾನು ಹೇಳಿದ ಮೇಲೆ ನಗುತ್ತಿದ್ದ. ಅಷ್ಟರಲ್ಲಿ ಟಿವಿಯಲ್ಲಿ ಅಳುವ ಸೀನು ಬಂದಿರುತ್ತಿತ್ತು.

'ಲೇ, ಅವ್ರು ಅಳಾಕ ಹತ್ಯಾರ, ನೀವು ನಗಾಕ ಹತ್ತೀರಿ' ಎಂದು ಅವ್ವ ಬೈಯುತ್ತಿದ್ದಳು.

ನನಗಾಗ ಮೂವತ್ತೊಂದು ವಯಸ್ಸು. ಹೆಣ್ಣು ಸಿಗುತ್ತಿರಲಿಲ್ಲ. ಆರು ಮನೆಗೆ ಹೋಗಿ ಚಹಾ ಕುಡಿದು ಬಂದಿದ್ದೆವು. ಆಟೊ ಅನ್ನುವ ಮಾತು ಬಂದ ಕೂಡಲೇ ಹುಡುಗಿಯ ಅಪ್ಪ ಹೊರಗೆ ನಿಲ್ಲಿಸಿದ್ದ ಆಟೊವನ್ನು ಒಮ್ಮೆ ನೋಡುತ್ತಿದ್ದ, ಆಮೇಲೆ ಮಳೆ ಬೆಳೆಯ ಮಾತಿಗೆ ಹೋಗುತ್ತಿದ್ದ. ಕೊನೆಗೆ ಕಂಪ್ಲಿ ಹತ್ತಿರದ ಮೆಟ್ರಿಯಿಂದ ಒಂದು ಸಂಬಂಧ ಬಂತು. ಅವರಿಗೆ ನೀರಾವರಿ ಹೊಲ ಇತ್ತು, ಭತ್ತ ಬೆಳೆಯುತ್ತಿದ್ದರು. ಮಗನಿಗೆ ಮೂವತ್ತು, ಕಂಪ್ಲಿಯ ಗೊಬ್ಬರದ ಅಂಗಡಿಯಲ್ಲಿ ಕೆಲಸ. ಹಳ್ಳಿಗೆ ಬರಲು ಯಾವ ಹುಡುಗಿಯೂ ಒಪ್ಪುತ್ತಿಲ್ಲವೆಂದು ಅವನಿಗೂ ಮದುವೆ ಆಗಿರಲಿಲ್ಲ. ಅವನಿಗೊಬ್ಬ ತಂಗಿ. ಅವರ ಹಿರಿಯರು ನಮ್ಮ ಮನೆಗೆ ಬಂದು ನೇರವಾಗಿಯೇ ಕೇಳಿದರು.

'ನಿಮ್ಮ ಹುಡುಗೀನ್ನ ನಮಗ ಕೊಡ್ರಿ, ನಮ್ಮ ಹುಡುಗೀನ್ನ ನೀವು ತಗೋರಿ. ಎರಡೂ ಮನಿ ದೀಪ ಹತ್ತತಾವ.'

ಹೆಣ್ಣು ಕೊಟ್ಟು ಹೆಣ್ಣು ತರುವುದು ನಮ್ಮ ಕಡೆ ಹೊಸದಲ್ಲ. ಒಂದು ಹಂದರ, ಎರಡು ಜೋಡಿ. ಅದರ ಕಟ್ಟು ಏನೆಂದು ಎಲ್ಲರಿಗೂ ಗೊತ್ತಿರುತ್ತದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಂದು ಕಡೆ ಇಲ್ಲವೆಂದರೆ ಇನ್ನೊಂದು ಕಡೆಯೂ ಇಲ್ಲ.

ನನ್ನ ತಂಗಿಗೆ ಹದಿನೆಂಟು ತುಂಬಿ ನಾಲ್ಕು ತಿಂಗಳಾಗಿತ್ತು. ಆಗಷ್ಟೇ ಪಿಯುಸಿ ಮುಗಿಸಿದ್ದಳು. ಅವಳನ್ನು ಯಾರೂ ಕೇಳಲಿಲ್ಲ. ನನ್ನನ್ನು ಕೇಳಿದರು. ನಾನು ಮೆಟ್ರಿಗೆ ಹೋಗಿ ಹುಡುಗಿಯನ್ನು ನೋಡಿ ಬಂದೆ. ಎರಡೇ ದಿನಕ್ಕೆ ಅವಳ ಫೋನ್ ನಂಬರ್ ನನ್ನ ಹತ್ತಿರ ಇತ್ತು. ದಿನಾ ಮಧ್ಯಾಹ್ನ, ಹಂಪಿಯಲ್ಲಿ ನನ್ನ ಗಿರಾಕಿಗಳು ಗುಡಿ ನೋಡಲು ಹೋದಾಗ, ನಾವು ಮಾತಾಡುತ್ತಿದ್ದೆವು. ಅವಳು ಬಹಳ ನಗುವ ಹುಡುಗಿ. 'ಆಟೋದಾಗ ಹಿಂದ ಕುಂದ್ರಬೇಕೋ, ಮುಂದ ನಿಮ್ಮ ಬಾಜೂಕ ಕುಂದ್ರಬೇಕೋ' ಎಂದು ಕೇಳಿದ್ದಳು. ಆ ಮಾತನ್ನು ನೆನೆಸಿಕೊಂಡು ನಾನು ಒಂದು ವಾರ ಒಬ್ಬನೇ ನಕ್ಕೆ.

ಎಲೆ ಅಡಿಕೆ ಬದಲಾಯಿಸುವ ದಿನ ಗೊತ್ತಾದ ಮೇಲೆ ಒಂದು ಸಂಜೆ ತಂಗಿಯನ್ನು ಮಾರ್ಕೆಟ್ಟಿನಿಂದ ಆಟೊದಲ್ಲಿ ಕರೆದುಕೊಂಡು ಬರುತ್ತಿದ್ದೆ. ಹಿಂದಿನಿಂದ ಕೇಳಿದಳು.

'ಅಣ್ಣ, ಒಂದು ಹಿಂದಿ ಪಿಚ್ಚರ್ ಐತಿ. ಈ ಐತವಾರ ಅಪ್ಪಗ ತೋರಸೋಣು.'

'ಹೊಡೆದಾಟ ಐತೇನು? ಇಲ್ಲಂದ್ರ ಅಪ್ಪ ನಿದ್ದಿ ಮಾಡ್ತಾನ.'

'ಹೊಡೆದಾಟ ಇಲ್ಲ. ನಗಸ್ತೈತಿ. ನೀ ಮೊದ್ಲ ನೋಡು, ಪೂರ್ತಿ ನೋಡು. ಆಮ್ಯಾಲ ನನ್ ಕೂಡ ಮಾತಾಡು.'

ಅವ್ವನೂ ಅದನ್ನೇ ಹೇಳಿದಳು, ಬೇರೆ ಕಾರಣಕ್ಕೆ. ಮಗಳ ಜತೆ ಕೂತು ನೋಡುವಂಥ ಸಿನಿಮಾ ಹೌದೋ ಅಲ್ಲವೋ ಅನ್ನುವುದು ಅವಳ ಚಿಂತೆ. ನಮ್ಮ ಪಕ್ಕದ ಮನೆಯ ಅಕ್ಕನೂ ಬಂದು ಕೇಳಿದಳು. ಅವಳ ಮಗಳು ಹತ್ತನೆಯ ಕ್ಲಾಸು, ಹದಿನೈದು ವಯಸ್ಸು, ಭಾನುವಾರ ನಮ್ಮ ಮನೆಯಲ್ಲೇ ಇರುತ್ತಿದ್ದಳು.

'ಅದರಾಗ ಹೊಲಸೇನಾರ ಐತೇನಪ್ಪ? ವಯಸ್ಸಿಗೆ ಬಂದ ಹುಡುಗ್ರು ನೋಡಬಹುದಾ?'

'ನೋಡಿ ಹೇಳ್ತೀನಿ ಅಕ್ಕ' ಎಂದೆ. ಇದೂ ನನ್ನ ಕೆಲಸವೇ ಆಗಿತ್ತು. ಮೊದಲು ನಾನು ನೋಡಬೇಕು. ಮುದ್ದು ಕೊಡುವುದು, ಕುಡಿಯುವುದು, ಕೆಟ್ಟ ಜೋಕು ಎಲ್ಲೆಲ್ಲಿ ಬರುತ್ತವೆಂದು ನೆನಪಿಟ್ಟುಕೊಂಡು ಭಾನುವಾರ ಅಲ್ಲಿ ರಿಮೋಟು ಒತ್ತಿ ಮುಂದಕ್ಕೆ ಓಡಿಸಬೇಕು.

ಆ ಸಿನಿಮಾವನ್ನು ಹಂಪಿಯಲ್ಲಿ ಆಟೊದ ಹಿಂದಿನ ಸೀಟಿನಲ್ಲಿ ಮಲಗಿ ಮೂರು ದಿನ ತುಂಡುತುಂಡಾಗಿ ಫೋನಿನಲ್ಲಿ ನೋಡಿದೆ. ಗಿರಾಕಿಗಳು ಬೆಟ್ಟ ಹತ್ತಿ ಇಳಿಯುವಷ್ಟರಲ್ಲಿ ಒಂದು ತುಂಡು ಮುಗಿಯುತ್ತಿತ್ತು.

ಉತ್ತರದ ಕಡೆಯ ಒಂದು ಸಣ್ಣ ಊರು. ಒಬ್ಬ ಮನುಷ್ಯ ಮದುವೆಗಳಿಗೆ ಶಾಮಿಯಾನ ಹಾಕಿಕೊಡುವವನು. ದೊಡ್ಡ ಮನೆ, ತುಂಬ ಜನ. ಮಿಠಾಯಿ ಕದ್ದು ದಿಂಬಿನ ಕೆಳಗೆ ಇಡುವ ಅಜ್ಜಿ, ಬೋಳುತಲೆಗೆ ಟೋಪನ್ ಹಾಕಿಕೊಳ್ಳುವುದನ್ನು ಮರೆತು ಬೀದಿಗೆ ಬರುವ ಚಿಕ್ಕಪ್ಪ. ಮಗಳಿಗೆ ಹತ್ತೊಂಬತ್ತು. ಒಳ್ಳೆಯ ಗಂಡು ಸಿಕ್ಕಿದ್ದಾನೆ, ಮದುವೆ ಗೊತ್ತಾಗಿದೆ. ಹುಡುಗಿ ಅಜ್ಜಿಯ ಹತ್ತಿರ ನನಗೆ ಬೇಡ ಅನ್ನುತ್ತಾಳೆ. ಅಲ್ಲಿಂದ ಗದ್ದಲ ಶುರು. ಬೇಡ ಅಂದಮೇಲೆ ಬೇರೆ ಹುಡುಗ ಇರಲೇಬೇಕು ಎಂದು ಮನೆಯವರೆಲ್ಲ ಅವನನ್ನು ಹುಡುಕಲು ಹೊರಡುತ್ತಾರೆ. ಚಿಕ್ಕಪ್ಪ ಸ್ಕೂಟರಿನಲ್ಲಿ ಅವಳ ಹಿಂದೆ ಹೋಗುತ್ತಾನೆ, ಅವಳು ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತಾಳೆ, ಇವನು ತನ್ನ ಹಲ್ಲು ಕೀಳಿಸಿಕೊಂಡು ಬರುತ್ತಾನೆ. ಹಾಲಿನವನನ್ನು ಹಿಡಿದು ಕಟ್ಟಿಹಾಕುತ್ತಾರೆ. ನಾನು ಒಬ್ಬನೇ ಆಟೊದಲ್ಲಿ ಬಿದ್ದು ಬಿದ್ದು ನಗುತ್ತಿದ್ದೆ. ಪಕ್ಕದ ಆಟೊದವನು ಬಂದು ಇಣುಕಿ ನೋಡಿ ಹೋದ.

ಕೊನೆಗೆ ಮದುವೆಯ ಹಿಂದಿನ ದಿನ. ಹುಡುಗಿ ಅಡುಗೆಮನೆಯಲ್ಲಿ ಒಬ್ಬಳೇ ಚಹಾದ ಕಪ್ಪು ತೊಳೆಯುತ್ತಿರುತ್ತಾಳೆ. ಅಪ್ಪ ನೀರು ಕುಡಿಯಲು ಬರುತ್ತಾನೆ. ಆ ಹುಡುಗ ಯಾರು, ನನಗಾದರೂ ಹೇಳು ಎಂದು ಕೇಳುತ್ತಾನೆ. ಅವಳು, ಯಾರೂ ಇಲ್ಲಪ್ಪ, ನನಗೆ ಈ ಮದುವೆ ಬೇಡ ಅಷ್ಟೇ, ಬೇಡ ಅನ್ನುವುದಕ್ಕೆ ಇನ್ನೊಬ್ಬ ಇರಲೇಬೇಕಾ ಎನ್ನುತ್ತಾಳೆ. ಅಪ್ಪ ಸುಮ್ಮನೆ ನೆಲದ ಮೇಲೆ ಕೂತುಬಿಡುತ್ತಾನೆ. ಶಾಮಿಯಾನದ ಬಟ್ಟೆ ಯಾವ ಬಣ್ಣದ್ದು ಇರಲಿ ಎಂದು ಊರವರನ್ನೆಲ್ಲ ಎರಡೆರಡು ಸಲ ಕೇಳುತ್ತೇನೆ, ನಿನ್ನನ್ನು ಒಂದು ಸಲವೂ ಕೇಳಲಿಲ್ಲ ಎನ್ನುತ್ತಾನೆ. ಎದ್ದು ಹೊರಗೆ ಹೋಗಿ ತಾನೇ ಕಟ್ಟಿದ್ದ ಶಾಮಿಯಾನದ ಹಗ್ಗವನ್ನು ತಾನೇ ಬಿಚ್ಚುತ್ತಾನೆ.

ಆ ಸೀನು ನಡೆಯುತ್ತಿದ್ದಾಗಲೇ ಮೆಟ್ರಿಯಿಂದ ಫೋನ್ ಬಂತು. ಸಿನಿಮಾ ನಿಂತು ಅವಳ ಹೆಸರು ಪರದೆಯ ಮೇಲೆ ಬಂತು. ನಾನು ಎತ್ತಿದೆ. ಮದುವೆಗೆ ಯಾವ ಬಣ್ಣದ ಸೀರೆ ಎಂದು ಅವಳು ಕೇಳಿದಳು. ಹಸಿರು ಎಂದೆ. ಮಾತು ಮುಗಿಸಿ ಉಳಿದದ್ದನ್ನು ನೋಡಿದೆ. ನೋಡಿ ಮುಗಿದ ಮೇಲೆ ಬಹಳ ಹೊತ್ತು ಹಾಗೇ ಮಲಗಿದ್ದೆ. ಗಿರಾಕಿ ಬಂದು ಆಟೊ ತಟ್ಟಿ ಎಬ್ಬಿಸಿದ.

ಶನಿವಾರ ತಂಗಿ ಕೇಳಿದಳು. ಅವಳು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು.

'ಕೊನೀತನಕ ನೋಡಿದ್ಯಾ?'

'ಹ್ಞೂಂ.'

'ಅವ್ವಗ ಹೇಳಿದೆ ಅಣ್ಣ, ನಾ ಒಲ್ಲೆ ಅಂತ. ಅಪ್ಪನ ಮುಂದ ಈ ಮಾತು ತಗೀಬ್ಯಾಡ ಅಂತ ಬಾಯಿ ಮುಚ್ಚಿಸಿದ್ಲು. ನನಗ ಅಪ್ಪನ ಮುಂದ ನಿಂತ್ರ ನಾಲಿಗಿ ಏಳಂಗಿಲ್ಲ. ನೀ ಹೇಳಿದ್ರ ಅಪ್ಪ ಕೇಳ್ತಾನ. ನನ್ ಪರವಾಗಿ ಏನೂ ಹೇಳಬ್ಯಾಡ. ಆ ಅಡಿಗಿಮನಿ ಸೀನ್ ಒಂದು ಇದ್ದದ್ದು ಇದ್ದಂಗ ಹೇಳು. ಒಂದು ಮಾತು ಬಿಡಬ್ಯಾಡ. ಆಮ್ಯಾಲ ಅಪ್ಪ ನನ್ ಕಡಿ ನೋಡ್ತಾನ, ನೋಡೇ ನೋಡ್ತಾನ. ಆಗ ನಾ ಹೇಳ್ತೀನಿ.'

'ಹುಡುಗ ಒಳ್ಳೇವ ಅದಾನಲ್ಲೇ.'

'ಇರ್ಲಿ ಬಿಡು. ನಾ ಎಲ್ಲಿ ಕೆಟ್ಟವ ಅಂದೆ.' ಒದ್ದೆ ಟವೆಲು ಝಾಡಿಸಿದಳು, ನೀರು ನನ್ನ ಮುಖಕ್ಕೆ ಹಾರಿತು. 'ಹೇಳ್ತೀಯಲ್ಲ?'

'ಹೇಳ್ತೀನಿ' ಎಂದೆ. ಆಗ ನಿಜವಾಗಿಯೂ ಹೇಳಬೇಕು ಅಂದುಕೊಂಡಿದ್ದೆನೋ ಇಲ್ಲವೋ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೇಳಬೇಕು ಅಂದುಕೊಂಡಿದ್ದೆ ಎಂದೇ ಅನ್ನಿಸುತ್ತದೆ. ಅದನ್ನು ನಂಬುವುದು ನನಗೂ ಕಷ್ಟ.

ಭಾನುವಾರ ಅವ್ವ ಒಗ್ಗರಣೆ ಮಂಡಕ್ಕಿ, ಮಿರ್ಚಿ ಮಾಡಿದಳು. ಪಕ್ಕದ ಮನೆಯ ಅಕ್ಕನಿಗೆ, 'ಮೂರು ಕಡಿ ಓಡಸ್ತೀನಿ, ಉಳಿದದ್ದು ಹುಡುಗ್ರು ನೋಡಾಕ ಛಲೋ ಐತಿ' ಎಂದು ಹೇಳಿದ್ದೆ. ಅವಳು ಮಗಳನ್ನು ಕಳಿಸಿದಳು. ಆ ಹುಡುಗಿ ನನ್ನ ತಂಗಿಯ ಪಕ್ಕ ಕೂತಳು. ಅಪ್ಪ ಗೋಡೆಗೆ ಒರಗಿದ್ದ.

ಸಿನಿಮಾದ ಮೊದಲರ್ಧ ನಾನು ಬಹಳ ಚೆನ್ನಾಗಿ ಹೇಳಿದೆ. ಅಷ್ಟು ಚೆನ್ನಾಗಿ ಯಾವತ್ತೂ ಹೇಳಿರಲಿಲ್ಲ. ಟೋಪನ್ ಇಲ್ಲದ ಚಿಕ್ಕಪ್ಪ ಬಂದಾಗ ಅಪ್ಪ ಕೆಮ್ಮು ಬರುವಷ್ಟು ನಕ್ಕ. ಹಾಲಿನವನನ್ನು ಕಟ್ಟಿದಾಗ ಅವ್ವ, 'ಅಯ್ಯ, ಪಾಪ, ಅವಂದೇನು ತಪ್ಪು, ಬಿಡ್ರಿ ಅವನ್ನ' ಎಂದು ಟಿವಿಗೆ ಹೇಳಿದಳು. ಮುದ್ದು ಕೊಡುವ ಸೀನು ಬಂದಾಗ ಒತ್ತಿ ಓಡಿಸಿದೆ. ಸೋಬಾನದ ಮನೆಯಲ್ಲಿ ಹೆಂಗಸರು ಮೊದಲ ರಾತ್ರಿಯ ಬಗ್ಗೆ ಮಾಡುವ ಜೋಕು ಓಡಿಸಿದೆ. ಚಿಕ್ಕಪ್ಪ ಕುಡಿದು ಅಳುವುದನ್ನೂ ಓಡಿಸಿದೆ. ಪಕ್ಕದ ಮನೆಯ ಹುಡುಗಿ, 'ಅಣ್ಣ ಓಡಸಿದ್ರ ಅಲ್ಲೇನೋ ಐತಿ ಅಂತ ಗೊತ್ತಾಗತೈತಿ' ಎಂದಳು. ಅವ್ವ ಅವಳ ತಲೆಗೆ ಮೊಟಕಿದಳು. ತಂಗಿ ನಗುತ್ತಿದ್ದಳು. ಅವಳು ಅಷ್ಟು ಹಗುರವಾಗಿ ನಕ್ಕದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ.

ಅಡುಗೆಮನೆ ಬಂತು. ಹುಡುಗಿ ಕಪ್ಪು ತೊಳೆಯುತ್ತಿದ್ದಳು. ಅವಳ ಅಪ್ಪ ಬಂದ. ನನ್ನ ತಂಗಿ ಮಂಡಕ್ಕಿಯ ತಟ್ಟೆ ಕೆಳಗಿಟ್ಟು ನೇರ ಕೂತಳು, ಟಿವಿ ನೋಡಲಿಲ್ಲ, ನಮ್ಮ ಅಪ್ಪನನ್ನು ನೋಡಿದಳು.

'ಏನಂತಾನ?' ಅಪ್ಪ ಕೇಳಿದ.

ನಾನು ಬಾಯಿ ತೆರೆದೆ. ಇದ್ದದ್ದು ಇದ್ದಂತೆ ಹೇಳಲು ಐದಾರು ಮಾತು ಸಾಕಾಗಿತ್ತು. ನನಗೆ ಆಗ ಏನೇನು ನೆನಪಾಯಿತೆಂದರೆ, ಆರು ಮನೆಯ ಚಹಾ, ಮತ್ತೆ ಹಸಿರು ಸೀರೆ. ಈ ಸಂಬಂಧ ಹೋದರೆ ಇನ್ನೊಂದು ಬರುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು. ನಾಲಿಗೆ ತಾನಾಗಿ ಹೊರಳಿತು ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ನಾನು ಯೋಚನೆ ಮಾಡಿಯೇ ಹೇಳಿದೆ, ಒಂದು ಉಸಿರಿನಷ್ಟು ಹೊತ್ತು.

'ಗಂಡಿನ ಕಡ್ಯಾರು ಮೋಸಗಾರ್ರಂತ. ಅವನಿಗೆ ಮೊದ್ಲ ಒಂದು ಮದುವಿ ಆಗೈತಂತ, ಮುಚ್ಚಿಟ್ಟಾರಂತ. ಮಗಳಿಗೆ ಅದು ಗೊತ್ತಾಗೈತಿ, ಅದಕ್ಕ ಬ್ಯಾಡ ಅನ್ನಾಕ ಹತ್ಯಾಳ. ಮೊದ್ಲೇ ಯಾಕ ಹೇಳಲಿಲ್ಲ ಅಂತ ಅಪ್ಪ ಕೇಳ್ತಾನ.'

ಟಿವಿಯಲ್ಲಿ ಆ ಅಪ್ಪ ನೆಲದ ಮೇಲೆ ಕೂತ. ಹೊರಗೆ ಹೋಗಿ ಹಗ್ಗ ಬಿಚ್ಚಿದ.

'ಮತ್ತೇನ' ಎಂದ ನನ್ನ ಅಪ್ಪ. 'ಮೋಸ ಮಾಡಿದ್ರ ಯಾರ ಕೊಡ್ತಾರ ಹುಡುಗೀನ್ನ. ಛಲೋ ಮಾಡಿದ. ನಮ್ಮ ಬೀಗರು ಅಂಥವ್ರಲ್ಲ ಬಿಡು, ಮೂರು ತಲೆಮಾರು ನೋಡೀವಿ.'

'ಅಲ್ಲಣ್ಣ' ಎಂದಳು ಪಕ್ಕದ ಮನೆಯ ಹುಡುಗಿ. 'ಅಕಿ ಯಾರೂ ಇಲ್ಲ ಅಂದ್ಲಲ್ಲ. ಮದುವಿ ಆಗೈತಿ ಅಂತ ಎಲ್ಲಿ ಅಂದ್ಲು?'

'ನಿನಗೆಷ್ಟು ಬರತೈತಿ ಹಿಂದಿ?' ಎಂದೆ. 'ಪರೀಕ್ಷೆದಾಗ ಎಷ್ಟು ತಗೊಂಡಿ, ಹೇಳು ನೋಡೋಣ.'

ಎಲ್ಲರೂ ನಕ್ಕರು. ಹುಡುಗಿ ಮುಖ ಸಪ್ಪೆ ಮಾಡಿಕೊಂಡು ಟಿವಿ ಕಡೆ ತಿರುಗಿದಳು. ತಂಗಿಯ ಕಡೆ ನಾನು ನೋಡಲಿಲ್ಲ. ಅವಳು ನನ್ನನ್ನು ನೋಡುತ್ತಿದ್ದಾಳೆಂದು ಗೊತ್ತಾಗುತ್ತಿತ್ತು. ಅವಳು ಬಾಯಿಬಿಟ್ಟು ಅಣ್ಣ ಸುಳ್ಳು ಹೇಳುತ್ತಿದ್ದಾನೆ ಎನ್ನಬಹುದಿತ್ತು. ಹಾಗೆ ಅಂದರೆ ಯಾಕೆ ಅನ್ನುವುದನ್ನೂ ಅವಳೇ ಹೇಳಬೇಕಾಗುತ್ತಿತ್ತು. ಅಪ್ಪನ ಮುಂದೆ ಆ ಮಾತು ಏಳುವುದಿಲ್ಲವೆಂದೇ ಅವಳು ನನ್ನ ಹತ್ತಿರ ಬಂದದ್ದು. ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಎದ್ದು ಹೋದಳು.

ಸ್ವಲ್ಪ ಹೊತ್ತು ಬಿಟ್ಟು ನಾನು ಹಿತ್ತಲಿಗೆ ಹೋದೆ. ಅವಳು ತಟ್ಟೆ ತೊಳೆಯುತ್ತಿದ್ದಳು.

'ಎಷ್ಟು ಸಲೀಸು ಹೊಂದಸಿದಿ ಅಣ್ಣ. ಮೊದಲನೇ ಮದುವಿ ಅಂತ. ನನಗ ಇಂಥಾದ್ದು ಹೊಳೀತಾನ ಇರಲಿಲ್ಲ.'

'ಹೋದಮ್ಯಾಲ ಹೊಂದ್ಕೊಂತಿ' ಎಂದೆ.

'ನಿನ್ನ ಮದುವಿ ಆಗ್ಲಿ' ಎಂದಳು. ಹರಸುವ ಹಾಗೆಯೇ ಹೇಳಿದಳು. ತಟ್ಟೆಗೆ ನೀರು ಹೊಯ್ದಳು.

ಅಂಥ ಸಿನಿಮಾ ಹದಿಹರೆಯದ ಮಕ್ಕಳು ನೋಡಬಹುದೇ ಎಂದು ಪಕ್ಕದ ಮನೆಯ ಅಕ್ಕ ಕೇಳಿದ್ದಳಲ್ಲ, ಆ ಪ್ರಶ್ನೆಯನ್ನು ನಾನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ನಾನು ಮೂರು ಕಡೆ ಓಡಿಸಿದೆ. ಅವು ಮೂರೂ ಅವರಿಗೆ ಗೊತ್ತಿಲ್ಲದ ಸಂಗತಿಗಳಲ್ಲ. ಅದರಲ್ಲಿ ಮಕ್ಕಳನ್ನು ಕೆಡಿಸುವಂಥದ್ದು ಇದ್ದರೆ ಅದು ಬೇರೆ ಇರಬೇಕು. ಒಂದು ಹುಡುಗಿಯ ಹಿಂದೆ ಅವಳ ಚಿಕ್ಕಪ್ಪ ಊರೆಲ್ಲ ಸುತ್ತುವುದಕ್ಕೆ ನಾವು ನಕ್ಕೆವು. ಒಬ್ಬ ಬಡ ಹಾಲಿನವನನ್ನು ಕಂಬಕ್ಕೆ ಕಟ್ಟಿದ್ದಕ್ಕೆ ನಕ್ಕೆವು. ಆಮೇಲೆ ಎರಡು ನಿಮಿಷದ ಮಾತಿಗೆ ಅಪ್ಪನೊಬ್ಬ ಕರಗುತ್ತಾನೆ. ನನ್ನ ತಂಗಿ ಅದನ್ನು ನಂಬಿದಳು. ಆ ಎರಡು ನಿಮಿಷ ತನ್ನ ಮನೆಯಲ್ಲೂ ಬರುತ್ತದೆ ಅಂದುಕೊಂಡಳು. ಅವಳು ನಂಬಿದ್ದು ತಪ್ಪೋ ಸರಿಯೋ ಎಂದು ನೋಡುವುದಕ್ಕೇ ನಾನು ಬಿಡಲಿಲ್ಲ. ಸಿನಿಮಾದಲ್ಲಿ ಇದ್ದದ್ದು ಒಂದೇ ಒಳ್ಳೆಯ ಮಾತು, ಬೇಡ ಅನ್ನಲು ಇನ್ನೊಬ್ಬ ಬೇಕಿಲ್ಲ ಅನ್ನುವುದು. ನಾನು ಅದರ ಮೇಲೆ ಮಾತಾಡಿ ಅದನ್ನೂ ಓಡಿಸಿದೆ.

ಮದುವೆ ಕಂಪ್ಲಿಯಲ್ಲಿ ಆಯಿತು. ಒಂದೇ ಹಂದರದಲ್ಲಿ ಎರಡು ಜೋಡಿ. ನನ್ನ ಹೆಂಡತಿ ನಮ್ಮ ಮನೆಗೆ ಬಂದಳು, ತಂಗಿ ಮೆಟ್ರಿಗೆ ಹೋದಳು. ತಂಗಿಯ ಗಂಡ ನನ್ನ ಹೆಂಡತಿಯ ಅಣ್ಣ, ಹಾಗಾಗಿ ನಾವಿಬ್ಬರೂ ಒಬ್ಬರಿಗೊಬ್ಬರು ಭಾವ. ಅವನು ಸಿಟ್ಟಿನವನಲ್ಲ, ಕುಡಿಯುವವನಲ್ಲ. ಅದನ್ನೇ ನಾನು ಎಲ್ಲರಿಗೂ ಹೇಳುತ್ತಿದ್ದೆ. ನನ್ನ ಮಟ್ಟಿಗೆ ಹೇಳುವುದಾದರೆ ನಾನು ಸುಖವಾಗಿದ್ದೆ. ಹೆಂಡತಿ ಮನೆಯನ್ನೆಲ್ಲ ನಗಿಸುತ್ತಿದ್ದಳು. ಅಪ್ಪನಿಗೂ ಅವಳೆಂದರೆ ಇಷ್ಟವಾಯಿತು. ಮದುವೆ ಕೆಟ್ಟಿದ್ದರೆ ನನಗೆ ಶಿಕ್ಷೆಯಾಯಿತು ಎಂದಾದರೂ ಅಂದುಕೊಳ್ಳುತ್ತಿದ್ದೆ. ಹಾಗಾಗಲಿಲ್ಲ.

ತಂಗಿ ಫೋನಿನಲ್ಲಿ ಅವ್ವನ ಜತೆ ಮಾತಾಡುತ್ತಿದ್ದಳು. ನನಗೆ ಕೊಟ್ಟರೆ, 'ಛಲೋ ಅದೀನಿ ಅಣ್ಣ' ಎನ್ನುತ್ತಿದ್ದಳು. ಅಷ್ಟೇ. ಭಾನುವಾರ ಹಿಂದಿ ಸಿನಿಮಾ ಹಾಕು ಎಂದು ಅಪ್ಪ ಕೇಳಿದರೆ ಗಿರಾಕಿ ಇದೆ ಎಂದು ನಾನು ಆಟೊ ತೆಗೆದುಕೊಂಡು ಹೊರಗೆ ಹೋಗುತ್ತಿದ್ದೆ.

ಮರುವರ್ಷದ ಪಂಚಮಿ ಹಬ್ಬಕ್ಕೆ ತಂಗಿ ಬಂದಳು. ಮೂರು ದಿನಕ್ಕೆಂದು ಬಂದವಳು ಎಂಟು ದಿನವಾದರೂ ಹೊರಡಲಿಲ್ಲ. ಒಂಬತ್ತನೆಯ ದಿನ ಅವ್ವನಿಗೆ, ನಾನು ವಾಪಸು ಹೋಗುವುದಿಲ್ಲ ಎಂದಳು. ಹೊಡೆದರಾ, ಬೈದರಾ ಎಂದು ಅವ್ವ ಕೇಳಿದಳು. ಇಲ್ಲ ಎಂದಳು. ಮತ್ತೆ ಏನು ಅಂದರೆ, 'ಏನೂ ಇಲ್ಲವ್ವ. ಅಲ್ಲಿ ನನಗ ನಾ ಯಾರ ಮನ್ಯಾಗೋ ಕುಂತಂಗ ಆಗತೈತಿ. ದಿನಾ ಹಂಗ ಆಗತೈತಿ' ಎಂದಳು. ಅವ್ವ ಅಪ್ಪನಿಗೆ ಹೇಳಲು ಹೆದರಿ ನನಗೆ ಹೇಳಿದಳು.

ನಾನು ಅಪ್ಪನಿಗೆ ಹೇಳಿಬಿಡಬೇಕು ಅಂದುಕೊಂಡೆ. ಅವನು ಆಗಷ್ಟೇ ಕೆಲಸದಿಂದ ಬಂದು ತೊಟ್ಟಿಯ ಹತ್ತಿರ ಕೈಗೆ ಅಂಟಿದ ಸಿಮೆಂಟು ಉಜ್ಜುತ್ತಿದ್ದ. ತಂಗಿ ಅಂದದ್ದನ್ನು ಹೇಳಿದೆ. ಆಮೇಲೆ ಆ ಸಿನಿಮಾದ ಮಾತು ತೆಗೆದೆ.

'ಯಾವ ಪಿಚ್ಚರ್?' ಎಂದ. ಅವನಿಗೆ ನೆನಪೇ ಇರಲಿಲ್ಲ. ಟೋಪನ್ ಚಿಕ್ಕಪ್ಪ ಎಂದ ಮೇಲೆ ನೆನಪಾಗಿ ಸ್ವಲ್ಪ ನಕ್ಕ.

ಅಡುಗೆಮನೆಯಲ್ಲಿ ಆ ಹುಡುಗಿ ನಿಜವಾಗಿ ಏನಂದಳು, ಆ ಅಪ್ಪ ಏನಂದ, ನಾನು ಏನು ಹೇಳಿದೆ, ಯಾಕೆ ಹೇಳಿದೆ, ಎಲ್ಲವನ್ನೂ ಹೇಳಿದೆ. ಅಪ್ಪ ಕೈ ಉಜ್ಜುವುದನ್ನು ನಿಲ್ಲಿಸಲಿಲ್ಲ. ನೀರು ಬೆಳ್ಳಗಾಗಿ ಹರಿಯುತ್ತಿತ್ತು.

'ಆ ಪಿಚ್ಚರಿನ್ಯಾಗ ಗಂಡಿನ ಮನಿ ಹುಡುಗಿ ಇವ್ರ ಮನಿಗೆ ಸೊಸಿ ಆಗಿ ಬಂದಿದ್ಲೇನು?'

'ಇಲ್ಲಪ್ಪ.'

'ಹಂಗಾದ್ರ ಅವನಿಗೆ ಹಗ್ಗ ಬಿಚ್ಚಾಕ ಸಸಾರ ಆತು.'

ಅಪ್ಪ ಟವೆಲು ತೆಗೆದುಕೊಂಡು ಕೈ ಒರೆಸಿಕೊಂಡ, ಒಂದೊಂದೇ ಬೆರಳು.

'ಮೊದ್ಲ ಹೇಳಿದ್ರ ಕೇಳ್ತಿದ್ನೇನೋ' ಎಂದ. 'ನನಗೂ ಗೊತ್ತಿಲ್ಲ. ಕೇಳ್ತಿದ್ನೇನೋ.'

ಮಾರನೆಯ ದಿನ ಮೆಟ್ರಿಯಿಂದ ಮಾವ ಫೋನ್ ಮಾಡಿದರು. ಬಿರುಸಾಗಿ ಮಾತಾಡಲಿಲ್ಲ, ನಗುತ್ತಲೇ ಹೇಳಿದರು. 'ನಮ್ಮ ಸೊಸಿ ಅಲ್ಲೇ ಇರಾದು ಅಂದ್ರ ಇರ್ಲಿ. ಹಂಗಾರ ನಮ್ಮ ಮಗಳನ್ನೂ ಕಳಸಿಕೊಡ್ರಿ, ನಮ್ಮ ಮನಿ ಬಿಕೋ ಅನ್ನಾಕ ಹತ್ತೈತಿ.' ಫೋನು ಸ್ಪೀಕರಿನಲ್ಲಿತ್ತು, ಎಲ್ಲರಿಗೂ ಕೇಳಿತು. ನನ್ನ ಹೆಂಡತಿ ಆಗ ಐದು ತಿಂಗಳ ಬಸುರಿ. ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಅವಳು ತನ್ನ ಸೀರೆಗಳನ್ನು ಮಡಚಿ ಬ್ಯಾಗಿನಲ್ಲಿ ಇಡುತ್ತಿದ್ದಳು.

'ಏನ್ ಮಾಡಾಕ ಹತ್ತಿ?' ಎಂದೆ.

'ಅಕಿ ಇಲ್ಲೇ ಇರ್ಲಿ ಬಿಡ್ರಿ' ಎಂದಳು. 'ಅಕೀಗೆ ಅಲ್ಲಿ ಸೇರಂಗಿಲ್ಲ ಅಂತ ನನಗೆ ಮೊದ್ಲೇ ಗೊತ್ತು. ಅಣ್ಣಗೂ ಗೊತ್ತು. ನಾ ಹೋಗ್ತೀನಿ, ಹೆರಿಗಿ ಹೆಂಗೂ ತವರಾಗ ಆಗಬೇಕಲ್ಲ.' ನಗಲು ನೋಡಿದಳು.

ತಂಗಿ ಬಾಗಿಲಲ್ಲಿ ನಿಂತು ಇದನ್ನು ನೋಡಿದಳು. ಒಳಗೆ ಬಂದು ಬ್ಯಾಗಿನಿಂದ ಸೀರೆಗಳನ್ನು ತೆಗೆದು ವಾಪಸು ಟ್ರಂಕಿನಲ್ಲಿಟ್ಟಳು. 'ಅತ್ತಿಗಿ, ನೀ ಕುಂದ್ರು' ಎಂದಳು. ಆಮೇಲೆ ತನ್ನ ಬ್ಯಾಗು ತುಂಬಲು ಹೋದಳು. ಯಾರೂ ಅವಳನ್ನು ತಡೆಯಲಿಲ್ಲ. ಅಪ್ಪ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಅವಳು ಕಾಲು ಮುಟ್ಟಿ ನಮಸ್ಕಾರ ಮಾಡಿದಾಗ ಅವಳ ತಲೆಯ ಮೇಲೆ ಕೈಯಿಟ್ಟ, ಬಹಳ ಹೊತ್ತು ಇಟ್ಟಿದ್ದ. ಏನಾದರೂ ಹೇಳುತ್ತಾನೆ ಎಂದು ನಾನು ಆಟೊದ ಹತ್ತಿರ ಕಾಯುತ್ತಿದ್ದೆ. ಅವನು ಕೈ ತೆಗೆದು, ಅವಳ ಬ್ಯಾಗು ತಂದು ಆಟೊದಲ್ಲಿಟ್ಟ.

ನಾನೇ ಅವಳನ್ನು ಆಟೊದಲ್ಲಿ ಕರೆದುಕೊಂಡು ಹೊರಟೆ. ಕಮಲಾಪುರ ದಾಟಿದೆವು. ಎರಡೂ ಕಡೆ ಬಾಳೆ ತೋಟ, ಆಮೇಲೆ ಕಬ್ಬು, ಆಮೇಲೆ ಆಗಷ್ಟೇ ನಾಟಿ ಮಾಡಿದ ಭತ್ತದ ಗದ್ದೆ. ಮೆಟ್ರಿ ಹತ್ತಿರ ಬಂದಾಗ ಕಾಲುವೆಯ ಹತ್ತಿರ ನಿಲ್ಲಿಸು ಎಂದಳು. ಇಳಿದು ಮುಖ ತೊಳೆದುಕೊಂಡಳು. ಸೆರಗಿನಿಂದ ಒರೆಸಿಕೊಳ್ಳುತ್ತಾ ಕೇಳಿದಳು.

'ನಿನ್ನೆ ಅಪ್ಪಗ ಆ ಪಿಚ್ಚರಿಂದು ಹೇಳಿದ್ಯಂತ. ಅವ್ವ ಅಂದ್ಲು.'

'ಹೇಳಿದೆ.'

'ಏನಂದ?'

ಮತ್ತೆ ನಾನೇ ಹೇಳಬೇಕಾಗಿತ್ತು, ಈ ಸಲ ಅಪ್ಪನ ಮಾತನ್ನು ಅವಳಿಗೆ. ಅಪ್ಪ ಏನೂ ಅನ್ನಲಿಲ್ಲ ಎನ್ನಬಹುದಿತ್ತು. ಆಗ ಹೇಳಿದ್ದರೂ ಅವನು ಕೇಳುತ್ತಿರಲಿಲ್ಲವಂತೆ ಎನ್ನಬಹುದಿತ್ತು. ಇನ್ನು ಇವಳಿಗೆ ಸುಳ್ಳು ಹೇಳುವುದಿಲ್ಲ ಎಂದು ನಾನು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಅದಕ್ಕೆ ಇದ್ದದ್ದು ಇದ್ದಂತೆ ಹೇಳಿದೆ.

'ಮೊದ್ಲ ಹೇಳಿದ್ರ ಕೇಳ್ತಿದ್ನೇನೋ ಅಂದ.'

ಅವಳು ಕಾಲುವೆಯ ನೀರು ನೋಡುತ್ತಾ ನಿಂತಳು. ಮುಖ ಒರೆಸಿಯಾಗಿತ್ತು, ಸೆರಗು ಕೈಯಲ್ಲೇ ಇತ್ತು.

'ಇದನ್ನಾರ ಬ್ಯಾರೆ ಮಾಡಿ ಹೇಳಬಹುದಿತ್ತು ನೀ' ಎಂದಳು.

ಆಟೊ ಹತ್ತಿ ಕೂತಳು. ಮನೆ ಮುಂದೆ ಅವಳ ಗಂಡ ನಿಂತಿದ್ದ, ಬಂದು ಬ್ಯಾಗು ಇಳಿಸಿಕೊಂಡ. ಅವಳು ನನ್ನನ್ನು ನೋಡದೆ ಒಳಗೆ ಹೋದಳು. 'ಬರ್ರಿ ಭಾವ, ಚಾ ಕುಡದು ಹೋಗೀರಂತ' ಎಂದ. ನಾನು ಒಳಗೆ ಹೋಗಿ ಕೂತೆ. ಚಹಾ ತಂದುಕೊಟ್ಟವಳು ಅವಳೇ. ಕುಡಿದೆ. ಭತ್ತ ಹೇಗಿದೆ ಎಂದು ಅವನನ್ನು ಕೇಳಿದೆ, ಈ ಸಲ ನಾಟಿ ಛಲೋ ಆಗೈತಿ ಎಂದ.